ಫೋಟೋ ತೆಗೆಯುವುದು ಹಗಲಲ್ಲಿ, ಮಲಗುವುದು ರಾತ್ರಿಯಲ್ಲಿ

ಇಬ್ಬರು ಚಿಕ್ಕ ಮಕ್ಕಳನ್ನು ಕರೆದುಕೊಂಡು ಮೊದಲ ಸಲ ಹಳ್ಳಿಗಾಡಿನ ಕಡೆ ಕ್ಯಾಂಪಿಂಗ್ ಹೋಗಬೇಕು, ನಾಲ್ಕೈದು ಜಾಗ ನೋಡಿಟ್ಟಿದ್ದೇವೆ, ಎಲ್ಲದರ ಫೋಟೋನೂ ಒಂದೇ ಥರ ಚೆನ್ನಾಗಿದೆ, ಹೇಗೆ ಆರಿಸುವುದು ಅಂತ ಕೇಳಿದ್ದೀರಿ. ಸ್ವಂತ ಟೆಂಟ್ ಒಯ್ಯುವುದಾ, ಗ್ಲ್ಯಾಂಪಿಂಗ್ (ಅಲ್ಲೇ ಮೊದಲೇ ಸಜ್ಜು ಮಾಡಿಟ್ಟ ಬಿಡಾರ) ಬುಕ್ ಮಾಡುವುದಾ ಅನ್ನುವ ಗೊಂದಲವೂ ಇದೆ ಅಂದಿದ್ದೀರಿ.

ನನ್ನದೊಂದು ರಾತ್ರಿಯ ಕಥೆ ಹೇಳಿಬಿಡುತ್ತೇನೆ. ಅರ್ಧ ಉತ್ತರ ಅದರಲ್ಲೇ ಇದೆ.

ನಾವು ಜಾಗ ತಲುಪಿದಾಗ ಕತ್ತಲಾಗಲು ಅರ್ಧ ಗಂಟೆ ಉಳಿದಿತ್ತು. ಮೈದಾನದ ತುಂಬ ಹುಲ್ಲು ಒಣಗಿ ಕಂದಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಹಚ್ಚ ಹಸಿರು, ಮೆತ್ತಗೆ, ಹಾಸಿಗೆ ಹಾಸಿಟ್ಟ ಹಾಗೆ. ಮೊದಲೇ ಬಂದವರೆಲ್ಲ ಅದನ್ನು ಬಿಟ್ಟು ಮೇಲಿನ ಗಟ್ಟಿ ನೆಲದಲ್ಲಿ ಟೆಂಟ್ ಹಾಕಿದ್ದರು. ಎಂಥ ಪೆದ್ದರು ಅಂದುಕೊಂಡೆ. ಗೂಟಗಳನ್ನು ಸುಮ್ನೆ ಕೈಯಲ್ಲಿ ಒತ್ತಿದರೆ ಸಾಕು, ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದವು. ಖುಷಿಯೇ ಆಯಿತು. ಅನುಮಾನ ಬರಬೇಕಿತ್ತು.

ನಡುರಾತ್ರಿ ಮಳೆ ಶುರುವಾಯಿತು. ಟೆಂಟ್ ಒಂದು ಹನಿಯೂ ಸೋರಲಿಲ್ಲ. ಆದರೆ ಮಗ್ಗುಲಾಗುವಾಗ ಕೈ ಕೆಳಗೆ ಊರಿದರೆ ನೆಲ ಅಲ್ಲಾಡಿತು. ಗ್ರೌಂಡ್‌ಶೀಟಿನ ಕೆಳಗೆ ನೀರು ಸೇರಿಕೊಂಡಿತ್ತು. ಅಂಗೈ ಒತ್ತಿದ ಕಡೆ ತಗ್ಗಾಗುತ್ತಿತ್ತು, ಪಕ್ಕದಲ್ಲಿ ಉಬ್ಬುತ್ತಿತ್ತು. ಜಿಪ್ ತೆಗೆದು ಟಾರ್ಚ್ ಬಿಟ್ಟೆ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯಲ್ಲಿ ಒಂದೇ ಉಳಿದಿತ್ತು. ಇನ್ನೊಂದು ನಿಧಾನಕ್ಕೆ ತೇಲಿಕೊಂಡು ಹೊರಟಿತ್ತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ಹಾಗೆ ಹಸಿರಾಗಿರುವುದೆಲ್ಲ ಒಳ್ಳೆಯ ಜಾಗವಲ್ಲ. ಸುತ್ತ ಒಣಗಿದ್ದಾಗ ಒಂದೇ ಕಡೆ ಹಸಿರಿದ್ದರೆ ಅಲ್ಲಿ ನೀರು ಬಂದು ನಿಲ್ಲುತ್ತದೆ ಅಂತಲೇ ಅರ್ಥ. ಜೊಂಡು ಬೆಳೆದಿದ್ದರಂತೂ ಕೇಳಲೇಬೇಡಿ. ಫೋಟೋದಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದೂ ಅದೇ ಜಾಗ, ಇದು ತಮಾಷೆ. ಬಿಸಿಲಿರುವ ದಿನ ನೋಡಿ ಫೋಟೋ ತೆಗೆಯುತ್ತಾರೆ. ನೀವು ಅಲ್ಲಿ ಕಳೆಯುವ ಸಮಯದಲ್ಲಿ ಅರ್ಧದಷ್ಟು ಕತ್ತಲು. ಹಾಗಾಗಿ ಆ ನಾಲ್ಕೈದು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಯಾವುದು ಚೆನ್ನಾಗಿದೆ ಅಂತ ಕೇಳಿಕೊಳ್ಳಬೇಡಿ. ಇಲ್ಲಿ ಬೆಳಗಿನ ಜಾವ ಮೂರು ಗಂಟೆಗೆ, ಮಳೆ ಬರುತ್ತಿರುವಾಗ, ಹೇಗಿರುತ್ತದೆ ಅಂತ ಕೇಳಿಕೊಳ್ಳಿ.

ಮಳೆಯ ಲೆಕ್ಕ ಒಂದು ಸಲ ತಲೆಗೆ ಹೋದರೆ ಇಳಿಜಾರನ್ನು ನೋಡುವ ಕಣ್ಣೇ ಬದಲಾಗುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ನಿಮ್ಮ ಟೆಂಟಿನ ಹಿಂದೆ 1000 ಚದರ ಮೀಟರ್ ಇಳಿಜಾರು ಇದೆ ಅಂದುಕೊಳ್ಳಿ, ಏನೂ ದೊಡ್ಡದಲ್ಲ. ರಾತ್ರಿ 20 ಮಿಲಿಮೀಟರ್ ಮಳೆ ಬಂದರೆ ಅದರ ಮೇಲೆ 20,000 ಲೀಟರ್ ನೀರು ಬಿದ್ದ ಹಾಗಾಯಿತು. ಒಂದಷ್ಟು ಇಂಗುತ್ತದೆ, ಸರಿ. ಉಳಿದದ್ದು ಕೆಳಗೆ ಇಳಿದೇ ಇಳಿಯುತ್ತದೆ. ದಾರಿಯಲ್ಲಿ ನೀವಿದ್ದೀರಾ ಇಲ್ಲವಾ, ಪ್ರಶ್ನೆ ಅಷ್ಟೇ.

ಇದನ್ನು ಮನೆಯಲ್ಲೇ ಕೂತು ನೋಡಬಹುದು. ಜಾಗದ ಹೆಸರು ಹಾಕಿ ಮೊದಲು ಸ್ಯಾಟಲೈಟ್ ನೋಟದಲ್ಲಿ ನೋಡಿ. ಜಾಹೀರಾತಿನಲ್ಲಿ ಚೌಕಟ್ಟಿನ ಹೊರಗೆ ಬಿಟ್ಟದ್ದೆಲ್ಲ ಅಲ್ಲಿ ಸಿಗುತ್ತದೆ: ಪಕ್ಕದ ಹೆದ್ದಾರಿ, ರೈಲು ಹಳಿ, ಕಲ್ಲಿನ ಕ್ವಾರಿ, ಕೋಳಿ ಫಾರ್ಮಿನ ಉದ್ದ ಶೆಡ್ಡುಗಳು. ಆಮೇಲೆ ನೆಲದ ಏರಿಳಿತ ತೋರಿಸುವ ಗೆರೆಗಳಿರುವ ನಕ್ಷೆಗೆ ಬದಲಾಯಿಸಿ. ಗೆರೆಗಳು ದೂರ ದೂರ ಇದ್ದರೆ ನೆಲ ಹೆಚ್ಚುಕಡಿಮೆ ಸಮ. ಒತ್ತೊತ್ತಾಗಿದ್ದರೆ ಕಡಿದು. ಗೆರೆಗಳು ಬಾಣದ ತುದಿಯ ಹಾಗೆ ಎತ್ತರದ ಕಡೆ ಮೂತಿ ಮಾಡಿದ್ದರೆ ಅದು ನೀರು ಹರಿಯುವ ಕೊರಕಲು. ಈಗ ಅಲ್ಲಿ ನೀರು ಕಾಣದೆ ಇರಬಹುದು. ಮಳೆ ಬಂದಾಗ ನೀರಿಗೆ ಅದರ ದಾರಿ ಮರೆತಿರುವುದಿಲ್ಲ.

ಹೊಳೆ, ಕೆರೆ ದಂಡೆ ಅಂದರೆ ಎಲ್ಲರಿಗೂ ಆಸೆ. ನನಗೂ. ಆದರೆ ಟೆಂಟ್ ನೀರಿನಿಂದ ಕಡಿಮೆ ಅಂದರೂ 60 ಮೀಟರ್ ದೂರ ಇರಲಿ, ಮತ್ತು ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಿರಲಿ. ದೂರ ಇರಬೇಕು ಅನ್ನುವುದು ನೀರು ಕೆಡದಿರಲಿ ಅಂತ, ಪ್ರಾಣಿಗಳು ಕುಡಿಯಲು ಬರುವ ದಾರಿಗೆ ಅಡ್ಡ ಆಗದಿರಲಿ ಅಂತ. ಮೇಲಿರಬೇಕು ಅನ್ನುವುದು ನಿಮ್ಮ ಜೀವಕ್ಕೆ. ನೀವಿರುವ ಕಡೆ ಒಂದು ಹನಿ ಬೀಳದಿದ್ದರೂ ಮೇಲೆಲ್ಲೋ ಗುಡ್ಡದಲ್ಲಿ ಮಳೆಯಾಗಿ ಹೊಳೆ ಒಮ್ಮೆಗೇ ಏರಬಹುದು. ಮಕ್ಕಳಿರುವಾಗ ಇನ್ನೊಂದು ವಿಷಯ. ದಂಡೆಯ ಪಕ್ಕವೇ ಟೆಂಟ್ ಇದ್ದರೆ ನೀವಿಬ್ಬರೂ ರಜೆಯಲ್ಲಿ ಕಾವಲುಗಾರರಾಗುತ್ತೀರಿ. ಒಬ್ಬರ ಕಣ್ಣು ಯಾವಾಗಲೂ ನೀರಿನ ಮೇಲೇ ಇರಬೇಕು.

ತಗ್ಗಿನ ಇನ್ನೊಂದು ತೊಂದರೆ ಚಳಿ. ಗಾಳಿ ಇಲ್ಲದ, ಆಕಾಶ ತಿಳಿಯಾದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ನೀರಿನ ಹಾಗೆಯೇ ಕೆಳಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದೇ ಗುಡ್ಡದ ಮೇಲೆ ಸ್ವಲ್ಪ ಹತ್ತಿದರೂ ಕೆಲವು ಡಿಗ್ರಿ ಬೆಚ್ಚಗಿರುತ್ತದೆ, ಇಬ್ಬನಿಯೂ ಕಡಿಮೆ. ಹಾಗಂತ ನೆತ್ತಿಗೇ ಹೋಗಬೇಡಿ, ಅಲ್ಲಿ ಗಾಳಿ ರಾತ್ರಿಯಿಡೀ ಬಟ್ಟೆ ಒಗೆದ ಹಾಗೆ ಟೆಂಟನ್ನು ಬಡಿಯುತ್ತದೆ. ಸಿಡಿಲಿಗೂ ಅದು ಕೆಟ್ಟ ಜಾಗ. ನಡುಮಟ್ಟದಲ್ಲಿ, ಗಾಳಿಗೆ ಒಂದು ಪೊದೆಸಾಲೋ ದಿಣ್ಣೆಯೋ ಅಡ್ಡ ಇರುವ ಕಡೆ ಹುಡುಕಿ.

ಮರದ ನೆರಳು ಬೇಕು, ಮರದ ಕೆಳಗೆ ಬೇಡ. ಟೆಂಟಿನ ಪೂರ್ವಕ್ಕೆ ಮರಗಳಿದ್ದರೆ ಬೆಳಿಗ್ಗೆ ಎಳೆಬಿಸಿಲು ಟೆಂಟಿಗೆ ನೇರ ಬೀಳುವುದಿಲ್ಲ, ಮಕ್ಕಳು ಒಂದು ಗಂಟೆ ಜಾಸ್ತಿ ಮಲಗುತ್ತಾರೆ. ಆ ಒಂದು ಗಂಟೆಯ ಬೆಲೆ ನಿಮಗೆ ಗೊತ್ತೇ ಇದೆ, ಅಲ್ವಾ? ಆದರೆ ಕೊಂಬೆಯ ಅಡಿಯಲ್ಲೇ ಹಾಕಿದರೆ ಮಳೆ ನಿಂತ ಮೇಲೂ ಎರಡು ಗಂಟೆ ಹನಿ ಬೀಳುತ್ತಿರುತ್ತದೆ. ಹಕ್ಕಿಗಳು, ಅಂಟು, ಇರುವೆ ಇದ್ದದ್ದೇ. ಒಣಗಿದ ಕೊಂಬೆ ಇದ್ದರಂತೂ ಆ ಮರದ ಹತ್ತಿರವೇ ಹೋಗಬೇಡಿ. ತಲೆ ಎತ್ತಿ ನೋಡುವುದು ಒಂದು ಅಭ್ಯಾಸ ಆಗಬೇಕು.

ಇನ್ನು ಶೌಚಾಲಯ. ಎಷ್ಟಿವೆ, ಟೆಂಟ್ ಹಾಕುವ ಜಾಗದಿಂದ ಎಷ್ಟು ದೂರ ಅಂತ ಕೇಳಿಯೇ ಬುಕ್ ಮಾಡಿ. ರಾತ್ರಿ ಎರಡಕ್ಕೆ ಮಗು ಎಬ್ಬಿಸಿದಾಗ 300 ಮೀಟರ್ ಅಂದರೆ ಒಂದು ಯಾತ್ರೆ. ತೀರಾ ಪಕ್ಕದಲ್ಲಿದ್ದರೂ ಕಷ್ಟ. ಅಲ್ಲಿನ ದೀಪ ಆರುವುದಿಲ್ಲ, ಬಾಗಿಲು ಬಡಿಯುವುದು ನಿಲ್ಲುವುದಿಲ್ಲ. ನಡೆದರೆ ಒಂದು ನಿಮಿಷದ ದಾರಿ ಇದ್ದರೆ ಸರಿ.

ವಿಮರ್ಶೆಗಳನ್ನು ಓದುವಾಗ ನಾನು ಐದು ಸ್ಟಾರಿನವನ್ನು ಬಿಟ್ಟುಬಿಡುತ್ತೇನೆ, ಒಂದು ಸ್ಟಾರಿನವನ್ನೂ. ಮೂರು ಸ್ಟಾರ್ ಕೊಟ್ಟವರು ಯಾವ ಕೋಪವೂ ಇಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿರುತ್ತಾರೆ. ಅದರಲ್ಲೂ ಮಳೆಗಾಲದಲ್ಲಿ ಬರೆದವು, ಮಕ್ಕಳ ಜೊತೆ ಹೋದವರು ಬರೆದವು ಚಿನ್ನ. ‘ಶಾಂತವಾಗಿದೆ’ ಅನ್ನುವುದನ್ನು ಯಾವ ವಾರ ಹೇಳಿದರು ನೋಡಿ. ಮಂಗಳವಾರ ಎಲ್ಲ ಕಡೆಯೂ ಶಾಂತವೇ. ಶನಿವಾರ ರಾತ್ರಿ ದೊಡ್ಡ ಗುಂಪುಗಳಿಗೆ ಜಾಗ ಕೊಡುತ್ತೀರಾ, ಸ್ಪೀಕರ್ ಎಷ್ಟು ಗಂಟೆಗೆ ಬಂದ್ ಮಾಡಿಸುತ್ತೀರಾ ಅಂತ ಜಾಗದವರಿಗೆ ಫೋನ್ ಮಾಡಿ ಕೇಳಿ. ಜೊತೆಗೆ ಒಂದು ಮಾತು ಸೇರಿಸಿ: ಜೋರು ಮಳೆ ಬಂದರೆ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ? ನೆಲವನ್ನು ಬಲ್ಲವರು ಥಟ್ಟನೆ ಉತ್ತರ ಕೊಡುತ್ತಾರೆ. ‘ನಮ್ಮಲ್ಲಿ ಎಲ್ಲೂ ನಿಲ್ಲಲ್ಲ ಸಾರ್’ ಅಂದರೆ ನಾನು ಮುಂದಿನ ಜಾಗಕ್ಕೆ ಹೋಗುತ್ತೇನೆ.

ಈಗ ಟೆಂಟಾ, ಗ್ಲ್ಯಾಂಪಿಂಗಾ. ಗ್ಲ್ಯಾಂಪಿಂಗ್ ಅಂದರೆ ಹಾಸಿಗೆ, ದೀಪ, ಕೆಲವು ಕಡೆ ಬಚ್ಚಲು ಸಮೇತ ಮೊದಲೇ ಸಜ್ಜು ಮಾಡಿಟ್ಟ ಬಿಡಾರ. ಅದು ಮೋಸದ ಕ್ಯಾಂಪಿಂಗ್ ಅನ್ನುವವರ ಮಾತು ಕೇಳಬೇಡಿ. ಮೊದಲ ಸಲಕ್ಕೆ, ಅದೂ ಚಿಕ್ಕ ಮಕ್ಕಳ ಜೊತೆ, ಅದು ಒಳ್ಳೆಯ ಆಯ್ಕೆಯೇ. ಆದರೆ ಆ ಹೆಸರಿನ ಅಡಿಯಲ್ಲಿ ಏನೇನೋ ಮಾರುತ್ತಾರೆ.

ಬೆಲ್ ಟೆಂಟ್ ಅಂದರೆ ನಡುವೆ ಒಂದು ಕಂಬ, ಸುತ್ತ ದಪ್ಪ ಹತ್ತಿ ಬಟ್ಟೆ. 5 ಮೀಟರ್ ಅಡ್ಡಗಲದ್ದರಲ್ಲಿ ಸುಮಾರು 20 ಚದರ ಮೀಟರ್ ಜಾಗ ಅಂತ ಬರೆದಿರುತ್ತಾರೆ, ಲೆಕ್ಕ ಸರಿ. ಆದರೆ ಅಂಚಿನ ಗೋಡೆ ಗಿಡ್ಡ, ಅಲ್ಲಿ ನಿಂತರೆ ತಲೆ ತಾಗುತ್ತದೆ. ಯರ್ಟ್ ಮಧ್ಯ ಏಷ್ಯಾದ ಅಲೆಮಾರಿ ಜನರ ಮನೆ, ಮಂಗೋಲಿಯಾದಲ್ಲಿ ಗೆರ್ ಅನ್ನುತ್ತಾರೆ. ಮರದ ಜಾಲರಿಯ ಗೋಡೆ, ಮೇಲೆ ಕುರಿ ಉಣ್ಣೆಯ ಕಂಬಳಿ. ಚಳಿ ತಡೆಯಲು ಇದರಷ್ಟು ಒಳ್ಳೆಯದು ಬೇರೆ ಇಲ್ಲ, ಆದರೆ ಉಣ್ಣೆ ಬಿಟ್ಟು ಬರೀ ತೆಳು ಬಟ್ಟೆ ಸುತ್ತಿದ್ದರೆ ಹೆಸರು ಮಾತ್ರ ಯರ್ಟ್. ಇನ್ನು ಗುಮ್ಮಟದ ಥರದ ಡೋಮ್. ಒಂದು ಕಡೆ ಪೂರ್ತಿ ಪಾರದರ್ಶಕ, ಹಾಸಿಗೆಯಲ್ಲೇ ಮಲಗಿ ನಕ್ಷತ್ರ ನೋಡಿ ಅನ್ನುತ್ತಾರೆ. ನಾನು ಒಂದರಲ್ಲಿ ಎರಡು ರಾತ್ರಿ ಇದ್ದೆ. ನಕ್ಷತ್ರ ನಿಜ. ಆದರೆ ಆ ಕಿಟಕಿ ಪೂರ್ವಕ್ಕಿತ್ತು. ಬೆಳಿಗ್ಗೆ ಏಳೂವರೆಗೆ ಒಳಗೆ ಒಲೆಯ ಮೇಲಿಟ್ಟ ಹಾಗಾಗಿ ಹೊದಿಕೆ ಒದ್ದು ಹೊರಗೆ ಓಡಿದೆವು. ಪಾರದರ್ಶಕ ಭಾಗ ಯಾವ ದಿಕ್ಕಿಗಿದೆ, ಪರದೆ ಇದೆಯಾ, ಗಾಳಿ ಹೋಗಲು ಮೇಲೆ ಕಿಂಡಿ ಇದೆಯಾ, ಇಷ್ಟು ಕೇಳಿ. ಬಚ್ಚಲು ಒಳಗಿದೆಯಾ, ಹೊರಗಿದೆಯಾ, ಇನ್ನೊಂದು ಕುಟುಂಬದ ಜೊತೆ ಹಂಚಿಕೊಳ್ಳಬೇಕಾ, ಅದನ್ನೂ.

ಕರೆಂಟ್ ಇದೆ ಅಂದ ತಕ್ಷಣ ಕೆಟಲ್, ಹೀಟರ್ ಎಲ್ಲ ತುಂಬಿಕೊಂಡು ಹೋಗಬೇಡಿ. ಕೆಲವು ಕಡೆ ಒಂದು ಬಿಡಾರಕ್ಕೆ 6 ಆಂಪಿಯರ್ ಮಾತ್ರ ಕೊಡುತ್ತಾರೆ. 230 ವೋಲ್ಟ್‌ಗೆ ಅದು ಸುಮಾರು 1400 ವ್ಯಾಟ್. 2000 ವ್ಯಾಟಿನ ಕೆಟಲ್ ಹಾಕಿದರೆ ಟ್ರಿಪ್ ಆಗುತ್ತದೆ, ಪಕ್ಕದವರದೂ ಸೇರಿ ಹೋಗಿ ರಾತ್ರಿ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಚಳಿ ಎಷ್ಟೇ ಇರಲಿ, ಕೆಂಡದ ಬಟ್ಟಲು, ಬಾರ್ಬೆಕ್ಯೂ, ಗ್ಯಾಸ್ ಒಲೆ ಯಾವುದನ್ನೂ ಟೆಂಟಿನ ಒಳಗೆ ತರಬೇಡಿ. ಹೊಗೆ ನಿಂತು ಬೂದಿ ಮುಚ್ಚಿದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳದೇ ಹೋಗಬಹುದು. ಗ್ಲ್ಯಾಂಪಿಂಗ್ ಬಿಡಾರದೊಳಗೆ ಕಟ್ಟಿಗೆ ಒಲೆ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ಕೇಳಿ. ಇಲ್ಲ ಅಂದರೆ ಆ ಜಾಗ ಬಿಡಿ. ಗುಡುಗಿನ ಲೆಕ್ಕವೂ ಗೊತ್ತಿರಲಿ: ಮಿಂಚಿದ ಮೇಲೆ ಗುಡುಗು ಕೇಳಲು 3 ಸೆಕೆಂಡ್ ಆದರೆ ಸಿಡಿಲು ಸುಮಾರು 1 ಕಿಲೋಮೀಟರ್ ದೂರ. 30 ಸೆಕೆಂಡ್ ಒಳಗೆ ಕೇಳಿಸಿದರೆ ಎಲ್ಲರೂ ಕಟ್ಟಡಕ್ಕೋ ಕಾರಿಗೋ ಹೋಗಿ, ಕೊನೆಯ ಗುಡುಗಿನಿಂದ 30 ನಿಮಿಷ ಅಲ್ಲೇ ಇರಿ. ಟೆಂಟ್ ಸಿಡಿಲಿಗೆ ಆಸರೆ ಅಲ್ಲ. ಅದಕ್ಕೇ ಕಾರ್ ಹತ್ತಿರ ನಿಲ್ಲಿಸಲು ಬಿಡುವ ಜಾಗ ಮಕ್ಕಳಿರುವವರಿಗೆ ಒಳ್ಳೆಯದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಟೆಂಟ್ ಹಾಕಲೂ ಬಿಡುವ, ಎರಡು ಮೂರು ಗ್ಲ್ಯಾಂಪಿಂಗ್ ಬಿಡಾರವೂ ಇರುವ ಒಂದು ಜಾಗ ಹುಡುಕುತ್ತಿದ್ದೆ. ಮನೆಯಿಂದ ಎರಡು ಗಂಟೆಗಿಂತ ದೂರ ಬೇಡ, ಕೈಕೊಟ್ಟರೆ ವಾಪಸ್ ಬರುವ ಹಾಗಿರಬೇಕು. ಬಿಡಾರದಲ್ಲಿ ಎರಡು ರಾತ್ರಿ ಇದ್ದು, ಟೆಂಟಿನಲ್ಲಿರುವವರು ರಾತ್ರಿ ಹೇಗಿದ್ದಾರೆ ಅಂತ ಸುಮ್ನೆ ನೋಡುತ್ತಿದ್ದೆ. ಒಂದೇ ರಾತ್ರಿಗೆ ಹೋಗಬೇಡಿ. ಮೊದಲ ರಾತ್ರಿ ಹೊಸ ಸದ್ದುಗಳಿಗೆ ಮಕ್ಕಳು ಸರಿಯಾಗಿ ಮಲಗುವುದಿಲ್ಲ, ನೀವೂ ಮಲಗುವುದಿಲ್ಲ. ಎರಡನೆಯ ರಾತ್ರಿಯೇ ನಿಜವಾದ ಕ್ಯಾಂಪಿಂಗ್. ಟೆಂಟನ್ನೇ ಕೊಳ್ಳುವುದಾದರೆ, ‘ನಾಲ್ಕು ಜನರದ್ದು’ ಅಂದರೆ ಒಬ್ಬರಿಗೆ ಸುಮಾರು 60 ಸೆಂಟಿಮೀಟರ್ ಅಗಲ ಕೊಟ್ಟು ಮೀನು ಜೋಡಿಸಿದ ಹಾಗೆ ಜೋಡಿಸಿದ ಲೆಕ್ಕ. ನೀವು ನಾಲ್ವರಿಗೆ ಆರು ಜನರದ್ದು ತಗೊಳ್ಳಿ. ಕೆಳಗೆ ಹಾಸಲು ಒಳ್ಳೆಯ ಮ್ಯಾಟ್ ಮರೆಯಬೇಡಿ, ಮೇಲೆ ಎಷ್ಟು ಹೊದ್ದರೂ ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ.

ಎಲ್ಲಿಗೇ ಹೋದರೂ ಸೂರ್ಯ ಮುಳುಗುವ ಮೂರು ಗಂಟೆ ಮೊದಲೇ ತಲುಪಿ. ಟೆಂಟ್ ಬಿಚ್ಚುವ ಮೊದಲು ಮಕ್ಕಳ ಕೈಗೆ ಒಂದು ಚೆಂಡು ಕೊಡಿ, ನೆಲದ ಮೇಲೆ ಬಿಟ್ಟು ಆಡಲಿ. ಚೆಂಡು ಪದೇ ಪದೇ ಉರುಳಿಹೋಗಿ ಎಲ್ಲಿ ನಿಲ್ಲುತ್ತದೋ ಆ ಜಾಗ ಗುರುತಿಟ್ಟುಕೊಳ್ಳಿ. ಅದನ್ನೊಂದು ಬಿಟ್ಟು ಬೇರೆ ಕಡೆ ಟೆಂಟ್ ಹಾಕಿ. ಚಪ್ಪಲಿ ಮಾತ್ರ ರಾತ್ರಿ ಒಳಗೇ ಇಟ್ಟುಕೊಳ್ಳಿ.