ಅಮೆರಿಕದ ಕಪ್ಪು ಹೆಂಗಸರಲ್ಲಿ ಬೊಜ್ಜು ಯಾಕೆ ಜಾಸ್ತಿ? ಅವರ ಊಟವೇ ಕಾರಣವಾ?

ನಾನು ಹನ್ನೊಂದು ವರ್ಷದಿಂದ ಅಟ್ಲಾಂಟಾದಲ್ಲಿ ನರ್ಸ್. ಜೊತೆಯಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು. ಊಟವೂ ಒಂದು ಕಾರಣ, ನಿಜ. ಆದರೆ ಮೊದಲು ಕೂದಲಿನ ವಿಷಯ ಹೇಳುತ್ತೇನೆ.

ಅವರ ಗುಂಗುರು ಕೂದಲನ್ನು ಬಿಸಿ ಕೊಟ್ಟು ನೇರ ಮಾಡಿಸಲು ಪಾರ್ಲರಿನಲ್ಲಿ ಗಂಟೆಗಟ್ಟಲೆ ಕೂರಬೇಕು, ಕೈತುಂಬ ದುಡ್ಡು ಕೊಡಬೇಕು. ಒಂದು ದಿನ ಓಡಿ ಬೆವರಿದರೆ ಸಾಕು, ಬುಡದಿಂದ ಮತ್ತೆ ಗುಂಗುರು. ಇದೇ ಕಾರಣಕ್ಕೆ ಜಿಮ್ಮು, ಈಜು ಬಿಟ್ಟವರನ್ನು ನಾನು ತುಂಬ ನೋಡಿದ್ದೇನೆ. 2011ರಲ್ಲಿ ಆಗಿನ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಹಿರಿಯ ವೈದ್ಯೆ, ರೆಜಿನಾ ಬೆಂಜಮಿನ್ ಇದೇ ಅಟ್ಲಾಂಟಾದಲ್ಲಿ ನಡೆದ ಹೇರ್ ಶೋಗೆ (ಕೇಶಾಲಂಕಾರದ ಪ್ರದರ್ಶನಕ್ಕೆ) ಬಂದು ಈ ಮಾತನ್ನೇ ಆಡಿದರು. ಅವರೂ ಕಪ್ಪು ಹೆಣ್ಣುಮಗಳು. ದೇಶದ ಆರೋಗ್ಯ ನೋಡಿಕೊಳ್ಳುವವರಿಗೆ ಕೂದಲಿನ ಉಸಾಬರಿ ಯಾಕೆ ಅಂದವರಿದ್ದರು. ನನಗಂತೂ ಅವರು ಸರಿಯಾದ ಜಾಗಕ್ಕೇ ಕೈ ಹಾಕಿದರು ಅನಿಸುತ್ತದೆ.

ಹಾಗಾದರೆ ನೇರ ಮಾಡಿಸುವುದಾದರೂ ಯಾಕೆ? ಹುಟ್ಟಿದ ಕೂದಲನ್ನು ಹಾಗೇ ಬಿಟ್ಟರೆ 'ನೀಟಾಗಿಲ್ಲ' ಅಂತ ಆಫೀಸಿನವರು ಮುಖ ಸಿಂಡರಿಸುತ್ತಾರೆ. ಈ ತಾರತಮ್ಯ ತಡೆಯಲು ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ತಂದಿತು. ಇಷ್ಟು ಗೊತ್ತಾದ ಮೇಲೆ ಇದನ್ನು ಬರೀ ಶೋಕಿ ಅನ್ನಲು ಆಗುತ್ತಾ?

ಲೆಕ್ಕ ಹೇಳುವುದಾದರೆ, 2017-18ರ ಸರ್ಕಾರಿ ಸಮೀಕ್ಷೆಯಲ್ಲಿ ಕಪ್ಪು ಹೆಂಗಸರಲ್ಲಿ ಸುಮಾರು ಶೇ. 57, ಬಿಳಿ ಹೆಂಗಸರಲ್ಲಿ ಸುಮಾರು ಶೇ. 40 ಮಂದಿಗೆ ಬೊಜ್ಜಿತ್ತು. ಬಿಳಿ ಹೆಂಗಸರಲ್ಲಿ ಸಂಬಳ ಏರಿದ ಹಾಗೆ ಬೊಜ್ಜು ಕಡಿಮೆಯಾಗುತ್ತದೆ. ಕಪ್ಪು ಹೆಂಗಸರಲ್ಲಿ ಆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಅಂದರೆ ಬಡತನ ಒಂದನ್ನೇ ದೂರಿ ಕೈ ತೊಳೆದುಕೊಳ್ಳಲು ಆಗದು.

ಇನ್ನು ಊಟ. ಕಾಲರ್ಡ್ ಎಂಬ ಸೊಪ್ಪನ್ನು ಹೊಗೆ ಹಿಡಿಸಿದ ಹಂದಿಮಾಂಸದ ಜೊತೆ ಬೇಯಿಸುತ್ತಾರೆ, ಜೊತೆಗೆ ಮೆಕ್ಕೆಜೋಳದ ಬ್ರೆಡ್ಡು, ಕರಿದ ಕೋಳಿ. ಗುಲಾಮಗಿರಿಯ ಕಾಲದಲ್ಲಿ ಒಡೆಯರು ಬೇಡವೆಂದು ಬಿಟ್ಟ ತುಂಡುಗಳಲ್ಲೂ ಅಡುಗೆ ಮಾಡಿ ಉಂಡವರು ಇವರ ಹಿರಿಯರು. ಭಾನುವಾರ ಚರ್ಚ್ ಮುಗಿಸಿ ಮನೆಮಂದಿಯೆಲ್ಲ ಕೂತು ಉಣ್ಣುವ ಊಟ ಅದು. ಅದರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಕಷ್ಟ ಇರುವುದು ಉಳಿದ ಆರು ದಿನದಲ್ಲಿ. 1930ರ ದಶಕದಲ್ಲಿ ಸರ್ಕಾರದ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದರು. ಕೆಂಪು ಅಂದರೆ ಸಾಲ ಕೊಟ್ಟರೆ ಅಪಾಯ ಎಂಬ ಗುರುತು. ಅಲ್ಲಿ ಸಾಲ ಸಿಗುವುದೇ ದುಸ್ತರವಾಯಿತು, ಹಣ ಹೂಡುವವರೂ ಹಿಂದೆ ಸರಿದರು. ಇವತ್ತಿಗೂ ಕಪ್ಪು ಜನ ಹೆಚ್ಚಿರುವ ಎಷ್ಟೋ ಬಡಾವಣೆಗಳಲ್ಲಿ ಬರ್ಗರ್ ಅಂಗಡಿ ಹತ್ತಿರ, ತರಕಾರಿ ಅಂಗಡಿ ದೂರ. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ ಅಜ್ಜಿ ಎಲ್ಲಿ ನಿಲ್ಲುತ್ತಾಳೆ ಹೇಳಿ.

ಮೈಕೈ ತುಂಬಿಕೊಂಡಿದ್ದರೆ ಲಕ್ಷಣ ಎಂಬ ಭಾವನೆ ಅವರಲ್ಲೂ ಇದೆ, ನಮ್ಮ ಅಜ್ಜಿಯರಿಗೆ ಇದ್ದ ಹಾಗೆ. ಅದರಿಂದ ಎಷ್ಟೋ ಹುಡುಗಿಯರು ತಮ್ಮ ಮೈ ಕಂಡು ನಾಚದೆ ಬೆಳೆಯುತ್ತಾರೆ. ಅದು ಒಳ್ಳೆಯದೇ ಅಲ್ವಾ?

2010ರ ಸುಮಾರಿಗೆ ಇಬ್ಬರು ಕಪ್ಪು ಹೆಂಗಸರು ಗರ್ಲ್‌ಟ್ರೆಕ್ ಎಂಬ ನಡಿಗೆಯ ಗುಂಪು ಕಟ್ಟಿದರು. 'ತೂಕ ಇಳಿಸಿ' ಅಂತ ಬೈಯುವ ಬದಲು 'ಬಾ, ಜೊತೆಗೆ ನಡೆಯೋಣ' ಅಂತ ಕರೆಯುವ ದಾರಿ ನನಗೆ ತುಂಬ ಹಿಡಿಸಿತು. ನಮ್ಮ ವಾರ್ಡಿನ ಒಬ್ಬರು ಈಚೆಗೆ ಸಣ್ಣಸಣ್ಣ ಜಡೆ ಹೆಣೆಸಿಕೊಂಡು ಬೆವರಿನ ಚಿಂತೆ ಬಿಟ್ಟರು. ಈಗ ಡ್ಯೂಟಿ ಮುಗಿದ ಮೇಲೆ ನಾವು ನಾಲ್ಕು ಜನ ಸೇರಿ ಅರ್ಧ ಗಂಟೆ ನಡೆಯುತ್ತೇವೆ.