ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಟ್ಯಾಕ್ಟಿಕ್ ಬದಲಿಸುತ್ತಲೇ ಇದ್ದೇನೆ, ಹುಡುಗರೂ ಬೆಳೆಯುತ್ತಿಲ್ಲ. ಏನು ಮಾಡಲಿ?

ಫುಟ್‌ಬಾಲ್ ತಂಡ ನಡೆಸುವ ಈ ಕಂಪ್ಯೂಟರ್ ಆಟದಲ್ಲಿ ನೀವು ಎರಡು ತೊಂದರೆ ಹೇಳಿದ್ದೀರಿ. ಮೂರು ಪಂದ್ಯ ಸೋತ ಕೂಡಲೇ ಟ್ಯಾಕ್ಟಿಕ್, ಅಂದರೆ ತಂಡ ಆಡುವ ರೀತಿ, ಬದಲಿಸುತ್ತೀರಿ, ಆದರೂ ಯಾವುದು ಒಳ್ಳೆಯದು ಅಂತ ಗೊತ್ತಾಗುತ್ತಿಲ್ಲ. ಇನ್ನೊಂದು, ಐದು ಸ್ಟಾರ್ ಇದ್ದ 18 ವರ್ಷದ ಸ್ಟ್ರೈಕರ್‌ನನ್ನು ಕೊಂಡು ತಂದು ಎರಡು ಸೀಸನ್ ಆಯಿತು, ಅವನು ಇದ್ದಲ್ಲೇ ಇದ್ದಾನೆ. ನನ್ನ ಪ್ರಕಾರ ಇವು ಎರಡಲ್ಲ, ಒಂದೇ. ಹುಡುಗನಿಗೆ ಟ್ರೇನಿಂಗ್‌ನಲ್ಲಿ ಯಾವ ಕೆಲಸ ಕಲಿಸುತ್ತೀರೋ ಅದೇ ಕೆಲಸ ಪಂದ್ಯದಲ್ಲೂ ಅವನಿಗೆ ಸಿಗಬೇಕು. ಟ್ಯಾಕ್ಟಿಕ್ ವಾರಕ್ಕೊಂದು ಬದಲಾದರೆ ಅವನು ಕಲಿಯುವುದಾದರೂ ಏನನ್ನು? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಾಗುತ್ತದೆ.

ನನಗೆ ಇದು ಅರ್ಥವಾದದ್ದು ಒಬ್ಬ ಹುಡುಗನಿಂದ. ಫುಟ್‌ಬಾಲ್ ಮ್ಯಾನೇಜರ್ 2024ರಲ್ಲಿ ಕೆಳಗಿನ ಡಿವಿಜನ್ನಿನ ಒಂದು ತಂಡ ನಡೆಸುತ್ತಿದ್ದೆ. ವರ್ಷಕ್ಕೊಮ್ಮೆ ಅಕಾಡೆಮಿಯಿಂದ ಹೊಸ ಹುಡುಗರ ಗುಂಪು ಬರುತ್ತದಲ್ಲ, ಅದರಲ್ಲಿ 16 ವರ್ಷದವನೊಬ್ಬ ಬಂದ. ಬಲಗಡೆಯ ವಿಂಗರ್ ಅಂತ ಬರೆದಿತ್ತು, ಅಂದರೆ ಮೈದಾನದ ಅಂಚಿನಲ್ಲಿ ನುಗ್ಗಿ ಗೋಲಿನ ಮುಂದಕ್ಕೆ ಚೆಂಡು ಕಳಿಸುವವನು. ನಾನೂ ಕಣ್ಣು ಮುಚ್ಚಿ ವಿಂಗರ್ ಟ್ರೇನಿಂಗ್‌ಗೇ ಹಾಕಿದೆ. ಒಂದೂವರೆ ಸೀಸನ್ ಕಳೆಯಿತು. ಕ್ರಾಸಿಂಗ್ 20ಕ್ಕೆ 7 ಇದ್ದದ್ದು 8 ಆಯಿತು, ವೇಗ 9ರಲ್ಲೇ ನಿಂತಿತು. ಆದರೆ ಪಾಸಿಂಗ್ 13 ಇತ್ತು, ಛಲ 16. ಆ ಎರಡು ಅಂಕಿಗಳನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ.

ಒಂದು ದಿನ ಹೈಲೈಟ್ಸ್ ಬಿಟ್ಟು ಪೂರ್ತಿ 90 ನಿಮಿಷ ನೋಡೋಣ ಅಂತ ಕೂತೆ. ಸುಮಾರು 60ನೇ ನಿಮಿಷ. ಬಲ ಅಂಚಿನಲ್ಲಿ ಹುಡುಗನಿಗೆ ಚೆಂಡು ಸಿಕ್ಕಿತು. ಎದುರಿಗೆ ಅವರ ಫುಲ್‌ಬ್ಯಾಕ್, ಅಂದರೆ ಅಂಚು ಕಾಯುವ ಡಿಫೆಂಡರ್. ಇವನು ನುಗ್ಗಲಿಲ್ಲ. ನಿಂತ, ತಿರುಗಿದ, ಮೈದಾನದ ನಡುವಿಗೆ ಒಂದು ಪಾಸ್ ಕೊಟ್ಟ. ಐದು ನಿಮಿಷದ ನಂತರ ಮತ್ತೆ ಅದೇ. ಆಮೇಲೆ ಇನ್ನೊಮ್ಮೆ. ಆಟ ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡಿದೆ. ಮೂರೂ ಸಲ ಚೆಂಡು ಹೋದದ್ದು ನಮ್ಮ ಡಿಫೆಂಡರ್‌ಗಳ ಮುಂದಿನ ಜಾಗಕ್ಕೆ. ಅಲ್ಲಿ ಚೆಂಡು ಹಿಡಿದು ಆಟ ಕಟ್ಟುವವರು ನನ್ನ ತಂಡದಲ್ಲಿ ಯಾರೂ ಇರಲಿಲ್ಲ. ಕೊರತೆ ಎಲ್ಲಿದೆ ಅಂತ ಹುಡುಗನೇ ತೋರಿಸುತ್ತಿದ್ದ.

ಮರುದಿನವೇ ಅವನನ್ನು ಡೀಪ್ ಲೈಯಿಂಗ್ ಪ್ಲೇಮೇಕರ್ ಟ್ರೇನಿಂಗ್‌ಗೆ ಹಾಕಿದೆ, ಅಂದರೆ ಹಿಂದೆ ನಿಂತು ಪಾಸ್ ಮಾಡಿ ಆಟ ಕಟ್ಟುವ ಮಿಡ್‌ಫೀಲ್ಡರ್. 4-2-3-1 ಹಾಗೇ ಇಟ್ಟೆ. ಅದರಲ್ಲಿ ನಾಲ್ವರು ಡಿಫೆಂಡರ್‌ಗಳ ಮುಂದೆ ನಿಲ್ಲುವ ಇಬ್ಬರು ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬನ ರೋಲ್ ಮಾತ್ರ ಬದಲಿಸಿದೆ. ಮೊದಲು ಬದಲಿ ಆಟಗಾರನಾಗಿ 20 ನಿಮಿಷ, ಆಮೇಲೆ ಅರ್ಧ ಪಂದ್ಯ. ಮುಂದಿನ ಸೀಸನ್ ಮುಗಿಯುವಾಗ ಅವನ ಪಾಸಿಂಗ್ 15 ಆಗಿತ್ತು, ವೇಗ ಅದೇ 9. ಆದರೆ ಈಗ ಅವನು ನಿಂತ ಜಾಗದಲ್ಲಿ ವೇಗ ಅಷ್ಟಾಗಿ ಬೇಕಿರಲಿಲ್ಲ.

ಯಾಕೆ ಹೀಗಾಯಿತು? ಆಟದ ಒಳಗೆ ಪ್ರತಿ ಆಟಗಾರನಿಗೂ ಎರಡು ಮುಚ್ಚಿಟ್ಟ ಅಂಕಿ ಇವೆ, ಈಗಿನ ಸಾಮರ್ಥ್ಯ ಒಂದು, ಅವನು ಮುಟ್ಟಬಹುದಾದ ಗರಿಷ್ಠ ಸಾಮರ್ಥ್ಯ ಇನ್ನೊಂದು. ಎರಡಕ್ಕೂ ಅಳತೆ 200ರವರೆಗೆ. ನಮಗೆ ಕಾಣುವ 1ರಿಂದ 20ರ ಗುಣಗಳಲ್ಲಿ ಹೆಚ್ಚಿನವು ಆ ಈಗಿನ ಸಾಮರ್ಥ್ಯದ ಚೀಲದಿಂದ ಖರ್ಚಾಗುವ ಹಣದ ಹಾಗೆ. ಯಾವ ಗುಣಕ್ಕೆ ಎಷ್ಟು ಖರ್ಚು ಅನ್ನುವುದು ಅವನು ಆಡುವ ಜಾಗದ ಮೇಲೆ ನಿಂತಿದೆ. ನೀವು ಆರಿಸುವ ಟ್ರೇನಿಂಗ್ ರೋಲ್, ಹೊಸದಾಗಿ ಬರುವ ಬೆಳವಣಿಗೆಯನ್ನು ಯಾವ ಕಡೆ ಹರಿಸಬೇಕು ಅಂತ ಹೇಳುತ್ತದೆ ಅಷ್ಟೆ. ತಪ್ಪು ರೋಲ್ ಕೊಟ್ಟರೆ ಬೆಳವಣಿಗೆ ಇಲ್ಲವೇ ಇಲ್ಲ ಅಂತಲ್ಲ, ಬೇಡದ ಕಡೆ ಹರಿದು ಹೋಗುತ್ತದೆ.

ನಿಜವಾದ ಫುಟ್‌ಬಾಲ್‌ನಲ್ಲೂ ಇದಕ್ಕೆ ಒಂದು ಚಂದದ ಉದಾಹರಣೆ ಇದೆ. 2009ರ ಮೇ 2, ರಿಯಲ್ ಮ್ಯಾಡ್ರಿಡ್ ಮೈದಾನ. ಬಾರ್ಸಿಲೋನಾದ ಕೋಚ್ ಗಾರ್ಡಿಯೋಲಾ ಬಲಗಡೆ ಆಡುತ್ತಿದ್ದ ಮೆಸ್ಸಿಯನ್ನು ನಡುವಿಗೆ ತಂದರು, ನಡುವಿನ ಸ್ಟ್ರೈಕರ್ ಎಟೋ ಬಲಕ್ಕೆ ಹೋದರು. ಮೆಸ್ಸಿ ಗೋಲಿನ ಹತ್ತಿರ ನಿಲ್ಲದೆ ಹಿಂದೆ ಬಂದು ಚೆಂಡು ಪಡೆಯುತ್ತಿದ್ದರು. ಅವರ ಬೆನ್ನು ಹತ್ತಬೇಕೋ, ನಿಂತಲ್ಲೇ ನಿಲ್ಲಬೇಕೋ ಅಂತ ಮ್ಯಾಡ್ರಿಡ್ ಡಿಫೆಂಡರ್‌ಗಳಿಗೆ ತಿಳಿಯಲಿಲ್ಲ. ಬಾರ್ಸಿಲೋನಾ 6-2ರಿಂದ ಗೆದ್ದಿತು. ರಚನೆ ಅದೇ 4-3-3, ಇಬ್ಬರ ಜಾಗ ಅದಲುಬದಲು. ನಾನು ಟ್ಯಾಕ್ಟಿಕ್ ಪರದೆ ತೆರೆದಾಗಲೆಲ್ಲ ಇದು ನೆನಪಾಗುತ್ತದೆ. ಒಬ್ಬಿಬ್ಬರನ್ನು ಸರಿಸಿದರೂ ಅದು ದೊಡ್ಡ ಬದಲಾವಣೆಯೇ.

ಈಗ ನಿಮ್ಮ ಟ್ಯಾಕ್ಟಿಕ್ ವಿಷಯ. ಮೂರು ಪಂದ್ಯದ ಫಲಿತಾಂಶ ಏನನ್ನೂ ಹೇಳುವುದಿಲ್ಲ, ಇದನ್ನು ನೀವೇ ನೋಡಬಹುದು. ನಾನು ಒಮ್ಮೆ ಪಂದ್ಯಕ್ಕೆ ಮುಂಚೆ ಸೇವ್ ಮಾಡಿ, ಏನೂ ಬದಲಿಸದೆ ಅದೇ ಪಂದ್ಯವನ್ನು 10 ಸಲ ಆಡಿಸಿದೆ. 4 ಗೆಲುವು, 3 ಡ್ರಾ, 3 ಸೋಲು. ಅದೇ ಹನ್ನೊಂದು ಜನ, ಅದೇ ಟ್ಯಾಕ್ಟಿಕ್! ಫುಟ್‌ಬಾಲ್‌ನಲ್ಲಿ ಗೋಲು ಬರುವುದೇ ಕಡಿಮೆ, ಹಾಗಾಗಿ ಅದೃಷ್ಟದ ಪಾಲು ಜಾಸ್ತಿ. ಗೆಲ್ಲಬೇಕು ಅಂತ ಹೀಗೆ ಮತ್ತೆ ಮತ್ತೆ ಆಡುವುದು ನನಗೆ ಇಷ್ಟವಿಲ್ಲ, ಆದರೆ ಕಲಿಯಲು ಒಂದು ಸಲ ಮಾಡಿ ನೋಡಿ. ಆಮೇಲೆ ಒಂದು ಸೋಲಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಅದಕ್ಕೇ ನಾನು ಒಂದು ಬದಲಾವಣೆಗೆ ಕನಿಷ್ಠ 10 ಪಂದ್ಯ ಕೊಡುತ್ತೇನೆ. ಹೊಸ ಟ್ಯಾಕ್ಟಿಕ್ ತಂಡಕ್ಕೆ ಎಷ್ಟು ರೂಢಿಯಾಗಿದೆ ಅಂತ ಆಟವೇ ಒಂದು ಬಾರ್ ಹಾಕಿ ತೋರಿಸುತ್ತದೆ. ಅದು ತುಂಬುವ ಮೊದಲೇ ತೀರ್ಪು ಕೊಟ್ಟರೆ, ಬೀಜ ಬಿತ್ತಿ ಮರುದಿನ ಅಗೆದು ನೋಡಿದ ಹಾಗೆ. ಗೋಲಿಗಿಂತ ಎಕ್ಸ್‌ಜಿ ನೋಡಿ, ಅಂದರೆ ನಮಗೆ ಸಿಕ್ಕ ಅವಕಾಶಗಳಿಂದ ಎಷ್ಟು ಗೋಲು ಬರಬೇಕಿತ್ತು ಅನ್ನುವ ಲೆಕ್ಕ. 10 ಪಂದ್ಯದಲ್ಲಿ ನಮ್ಮದು ಎದುರಾಳಿಗಿಂತ ಮೇಲಿದ್ದರೆ, ಸೋತಿದ್ದರೂ ನಾನು ಮುಟ್ಟುವುದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಏನು ಬದಲಿಸಿದೆ, ಯಾಕೆ ಅಂತ ಒಂದು ಸಾಲು ಬರೆದಿಡಿ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗ ಇದೆ. ಮೆಂಟಾಲಿಟಿಯನ್ನು, ಅಂದರೆ ತಂಡ ಎಷ್ಟು ಮುನ್ನುಗ್ಗಿ ಆಡಬೇಕು ಅನ್ನುವುದನ್ನು, ಬ್ಯಾಲೆನ್ಸ್‌ಡ್‌ನಿಂದ ಅಟ್ಯಾಕಿಂಗ್‌ಗೆ ತಂದರೆ ಒಂದೇ ಬದಲಾವಣೆ ಮಾಡಿದೆವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದರ ಜೊತೆ ಆಟದ ವೇಗ, ಅಗಲ, ಡಿಫೆನ್ಸ್ ಸಾಲು ನಿಲ್ಲುವ ಎತ್ತರ (ನಮ್ಮ ಗೋಲಿನಿಂದ ಎಷ್ಟು ಮುಂದೆ), ಪ್ರೆಸಿಂಗ್ (ಚೆಂಡು ಇರುವ ಎದುರಾಳಿಯ ಮೇಲೆ ಮುಗಿಬೀಳುವುದು) ಎಲ್ಲವೂ ಒಟ್ಟಿಗೆ ಮೇಲೇರುತ್ತವೆ. ಗೋಲು ಬಿಟ್ಟುಕೊಟ್ಟಾಗ ಯಾವುದರಿಂದ ಅಂತ ಹೇಗೆ ಗೊತ್ತಾಗಬೇಕು? ಸಾಲಿನ ಎತ್ತರ ಪರೀಕ್ಷಿಸಬೇಕಾದರೆ ಅದೊಂದನ್ನೇ ಬದಲಿಸಿ. ಎತ್ತರದ ಸಾಲಿಗೆ ವೇಗದ ಸೆಂಟರ್‌ಬ್ಯಾಕ್‌ಗಳು ಬೇಕು, ಇಡೀ ಪಂದ್ಯ ಪ್ರೆಸ್ ಮಾಡಲು ದಮ್ ಇರುವವರು ಬೇಕು. ಬೇರೆಯವರ ಟ್ಯಾಕ್ಟಿಕ್ ಡೌನ್‌ಲೋಡ್ ಮಾಡಿಕೊಂಡಾಗ ನಮಗೆ ಕೈಕೊಡುವುದು ಇಂಥ ಕಡೆಯೇ. ಫುಟ್‌ಬಾಲ್ ಮ್ಯಾನೇಜರ್ 26ರಲ್ಲಿ ಚೆಂಡು ನಮ್ಮ ಬಳಿ ಇದ್ದಾಗ ಒಂದು ರಚನೆ, ಇಲ್ಲದಾಗ ಇನ್ನೊಂದು ಇಡಬಹುದು. ಅಲ್ಲೂ ಒಂದು ಸಲಕ್ಕೆ ಒಂದು ಕಡೆ ಮಾತ್ರ ಕೈ ಹಾಕಿ.

ಇನ್ನು ನಿಮ್ಮ ಸ್ಟ್ರೈಕರ್. ಮೊದಲನೆಯದಾಗಿ, ಐದು ಸ್ಟಾರ್ ಅನ್ನುವುದು ನಿಮ್ಮ ಸ್ಕೌಟ್ ಮತ್ತು ಕೋಚ್‌ಗಳ ಅಭಿಪ್ರಾಯ, ಅದೂ ನಿಮ್ಮ ಈಗಿನ ತಂಡಕ್ಕೆ ಹೋಲಿಸಿ ಹೇಳಿದ್ದು. ತಂಡ ಬಲವಾದರೆ ಅದೇ ಹುಡುಗನ ಸ್ಟಾರ್ ಇಳಿಯುತ್ತದೆ. ಹಾಗಾಗಿ ಸ್ಟಾರ್ ಬಿಟ್ಟು ಅವನ ಗುಣಗಳ ಏರಿಳಿತದ ಪುಟ ತೆರೆದು ನೋಡಿ, ನಿಜವಾಗಿ ನಿಂತಿದ್ದಾನೋ ಇಲ್ಲವೋ ಅಲ್ಲಿ ಕಾಣುತ್ತದೆ.

ಅವನ ಸ್ವಭಾವವೂ ನೋಡಿ. ವೃತ್ತಿಪರತೆ ಎಷ್ಟು ಅನ್ನುವ ಅಂಕಿ ಕಾಣಿಸುವುದಿಲ್ಲ, ಆದರೆ ಸ್ವಭಾವದ ಹೆಸರಿನಲ್ಲಿ ಅದರ ಸುಳಿವು ಇರುತ್ತದೆ. ಅದು ಕಡಿಮೆ ಇದ್ದರೆ ಎಷ್ಟೇ ಒಳ್ಳೆ ಕೋಚ್ ಇದ್ದರೂ ಬೆಳವಣಿಗೆ ನಿಧಾನ. ಮೆಂಟರಿಂಗ್ ಗುಂಪು ಮಾಡಿ, ತಂಡದಲ್ಲಿ ಮರ್ಯಾದೆ ಇರುವ, ಶಿಸ್ತಿನ ಹಿರಿಯ ಆಟಗಾರರ ಜೊತೆ ಇವನನ್ನು ಸೇರಿಸಿ. ಇದು ಚಿಕ್ಕ ವಯಸ್ಸಿನಲ್ಲೇ ಆಗಬೇಕು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನನ್ನ ಹುಡುಗನಿಗೆ ಆ ಛಲ ಮೊದಲೇ ಇತ್ತು, ಅದು ನನ್ನ ಪುಣ್ಯ.

ಆದರೆ ನೀವು ಬರೆದದ್ದರಲ್ಲಿ ನನಗೆ ಎದ್ದು ಕಂಡದ್ದು ಬೇರೆ. ಎರಡು ಸೀಸನ್‌ನಲ್ಲಿ ಅವನು ಆಡಿದ್ದು 9 ಪಂದ್ಯ, ಅದೂ ಬದಲಿಯಾಗಿ. 16, 17ರ ಹುಡುಗರಿಗೆ ಒಳ್ಳೆಯ ಟ್ರೇನಿಂಗ್ ಸಾಕು. 18 ದಾಟಿದ ಮೇಲೆ ನಿಜವಾದ ಪಂದ್ಯಗಳೇ ಬೇಕು. ನಿಮ್ಮಲ್ಲಿ ಜಾಗ ಇಲ್ಲವಾದರೆ ಈ ಸೀಸನ್ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಬೇರೆ ಕ್ಲಬ್‌ಗೆ ಕಳಿಸಿ. ದೊಡ್ಡ ಕ್ಲಬ್ ಅಂತ ಆಸೆಪಡಬೇಡಿ. ಅಲ್ಲಿ ಅವನು ಎಷ್ಟು ಪಂದ್ಯ ಆಡುತ್ತಾನೆ, ಯಾವ ಜಾಗದಲ್ಲಿ ಆಡಿಸುತ್ತಾರೆ, ಟ್ರೇನಿಂಗ್ ಸೌಲಭ್ಯ ಹೇಗಿದೆ, ಈ ಮೂರು ನೋಡಿ ಸಾಕು. ಸುಮ್ನೆ ಬೆಂಚಿನ ಮೇಲೆ ಕೂರಿಸಿಕೊಳ್ಳುವ ಕ್ಲಬ್‌ಗೆ ಹೋದರೆ ಇನ್ನೊಂದು ವರ್ಷ ಹೋಯಿತು, ಅಲ್ವಾ?

ಕಳಿಸುವ ಮೊದಲು ಒಂದು ಪಂದ್ಯದಲ್ಲಿ ಅವನನ್ನು ಮೊದಲಿನಿಂದ ಕಣಕ್ಕಿಳಿಸಿ, 90 ನಿಮಿಷ ಅವನೊಬ್ಬನನ್ನೇ ನೋಡಿ. ಚೆಂಡು ಕಾಲಿಗೆ ಬೇಕು ಅಂತ ಹಿಂದೆ ಬರುತ್ತಾನಾ, ಡಿಫೆಂಡರ್ ಬೆನ್ನ ಹಿಂದಿನ ಜಾಗಕ್ಕೆ ಓಡುತ್ತಾನಾ, ಹೆಡ್ಡಿಂಗ್‌ಗೆ ಏರುತ್ತಾನಾ? ಕಂಡದ್ದನ್ನು ಇಲ್ಲೇ ಕಮೆಂಟ್‌ನಲ್ಲಿ ಬರೆಯಿರಿ. ಅವನ ಗುಣಗಳ ಪಟ್ಟಿಯನ್ನೂ ಹಾಕಿ, ಯಾವ ರೋಲ್ ಟ್ರೇನಿಂಗ್ ಕೊಡಬೇಕು ಅಂತ ಒಟ್ಟಿಗೆ ನೋಡೋಣ.