ಕೇಳಿ–ಹೇಳಿ: ಎರಡು ಲಕ್ಷದ ಡ್ಯಾಕ್ ಕೊಟ್ಟ ದುಡ್ಡಿಗೆ ತಕ್ಕುದೇ?

ಪ್ರಶ್ನೆ: ನನ್ನಲ್ಲಿ 22 ಸಾವಿರದ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ದನಿಯಾಗಿ ಬದಲಿಸುವ ಪೆಟ್ಟಿಗೆ) ಇದೆ. ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿಯಲ್ಲಿ ಹಾಡು ಹೋಗಿ, ಅಲ್ಲಿಂದ ಆಂಪ್ಲಿಫೈಯರ್‌ಗೆ ಬರುತ್ತದೆ. ಈಗ 1.9 ಲಕ್ಷಕ್ಕೆ ಒಂದು ಆರ್-ಟು-ಆರ್ ಲ್ಯಾಡರ್ ಡ್ಯಾಕ್ (ಏಣಿಯಂತೆ ಜೋಡಿಸಿದ ರೆಸಿಸ್ಟರ್‌ಗಳಿಂದ ಕೆಲಸ ಮಾಡುವಂಥದ್ದು) ಸಿಗುವುದಿದೆ. ಸ್ನೇಹಿತರ ಮನೆಯಲ್ಲಿ ಎರಡನ್ನೂ ಕೇಳಿದಾಗ ಅದರ ದನಿ ತುಂಬಿದಂತೆ, ಮೆದುವಾಗಿ ಕೇಳಿಸಿತು. ತೆಗೆದುಕೊಳ್ಳಲೇ?
— ಓದುಗರು, ಕದ್ರಿ, ಮಂಗಳೂರು

ಉತ್ತರ: ಮುಂಗಡ ಕೊಡುವ ಮೊದಲು ಒಂದು ಮಲ್ಟಿಮೀಟರ್ ಹಿಡಿದುಕೊಂಡು ಸ್ನೇಹಿತರ ಮನೆಗೆ ಇನ್ನೊಮ್ಮೆ ಹೋಗಿ. ಆರ್‌ಸಿಎ ಔಟ್‌ಪುಟ್ (ನಡುವೆ ಪಿನ್, ಸುತ್ತ ಬಳೆ ಇರುವ ಮಾಮೂಲಿ ಆಡಿಯೊ ಕೇಬಲ್‌ನ ಜಾಕ್) ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತದೆ. ಕೆಲವು ದುಬಾರಿ ಡ್ಯಾಕ್‌ಗಳು ಎರಡೂವರೆ ಕೊಡುತ್ತವೆ. ಅಷ್ಟಕ್ಕೇ ಸುಮಾರು 2 ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ವ್ಯತ್ಯಾಸವಾಯಿತು. ಇಷ್ಟು ಏರಿದರೆ ಕಿವಿಗೆ ‘ಜೋರು’ ಅನಿಸುವುದಿಲ್ಲ, ‘ತುಂಬಿದ ದನಿ’ ಅನಿಸುತ್ತದೆ. ನಿಮಗೆ ಆದದ್ದು ಇದೇ ಇರಬಹುದು.

ಎರಡೂ ಡ್ಯಾಕ್‌ಗಳನ್ನು ಒಂದೇ ಲ್ಯಾಪ್‌ಟಾಪ್‌ಗೆ ಜೋಡಿಸಿ. ಆಂಪ್ಲಿಫೈಯರ್ ಆಫ್ ಮಾಡಿ, ಕೇಬಲ್‌ನ ಆ ತುದಿ ಬಿಚ್ಚಿ. 100 ಹರ್ಟ್ಸ್‌ನ ಸೈನ್ ಟೋನ್ ಫೈಲ್ ಹಾಕಿ, ಮೀಟರ್ ಎಸಿ ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿ ನಡುವಿನ ಪಿನ್ನಿಗೆ, ಕಪ್ಪು ಕಡ್ಡಿ ಹೊರಗಿನ ಬಳೆಗೆ. 1000 ಹರ್ಟ್ಸ್ ಬೇಡ, ಅಗ್ಗದ ಮೀಟರುಗಳು ಅಲ್ಲಿ ತಪ್ಪು ಅಂಕಿ ತೋರಿಸುತ್ತವೆ. ಒಂದರಲ್ಲಿ 2.00, ಇನ್ನೊಂದರಲ್ಲಿ 2.50 ಬಂತೆನ್ನಿ. ಪ್ಲೇಯರ್‌ನ ವಾಲ್ಯೂಮ್ ಇಳಿಸಿ ಎರಡನೆಯದನ್ನೂ 2.00ಕ್ಕೆ ತನ್ನಿ. 1.98ರಿಂದ 2.02ರ ಒಳಗಿದ್ದರೆ ಸಾಕು, ಅದು 0.1 ಡಿಬಿಯ ಆಸುಪಾಸು. ಆ ವಾಲ್ಯೂಮ್ ಅಂಕಿಯನ್ನು ಕಾಗದದಲ್ಲಿ ಬರೆದಿಡಿ.

ಇನ್ನು ಕೇಳುವ ಕೆಲಸ. ಎರಡು ಡ್ಯಾಕ್‌ಗಳನ್ನು ಆಂಪ್ಲಿಫೈಯರ್‌ನ ಎರಡು ಇನ್‌ಪುಟ್‌ಗೆ ಹಾಕಿ, ನೀವು ಬೆನ್ನು ತಿರುಗಿಸಿ ಕೂತುಕೊಳ್ಳಿ. ಸ್ನೇಹಿತರು ಪ್ರತಿ ಸಲವೂ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಡ್ಯಾಕ್ ಬದಲಿಸಲಿ. ಬದಲಿಸದೆ ಇದ್ದಾಗಲೂ ಅಷ್ಟೇ ಹೊತ್ತು ಗುಂಡಿ ಒತ್ತಲಿ, ಇಲ್ಲವಾದರೆ ಕ್ಲಿಕ್ ಸದ್ದೇ ನಿಮಗೆ ಗುಟ್ಟು ಹೇಳಿಬಿಡುತ್ತದೆ. ಯಾವ ಡ್ಯಾಕ್ ನುಡಿಯುತ್ತಿದೆ ಎಂದು ಪ್ರತಿ ಸಲವೂ ನೀವು ಹೇಳಿ. ಹೀಗೆ 16 ಸುತ್ತು. 12 ಅಥವಾ ಹೆಚ್ಚು ಸರಿಯಾದರೆ ವ್ಯತ್ಯಾಸ ನಿಜವಾಗಿ ಕೇಳುತ್ತಿದೆ ಎನ್ನಬಹುದು. ಎಂಟೋ ಒಂಬತ್ತೋ ಬಂದರೆ ಅದು ಊಹೆಗೆ ಸಮ.

ವ್ಯತ್ಯಾಸ ಗಟ್ಟಿಯಾಗಿ ಕೇಳಿದರೆ ಕಾರಣ ಹುಡುಕಿ. ಕೆಲವು ಲ್ಯಾಡರ್ ಡ್ಯಾಕ್‌ಗಳಲ್ಲಿ ಎನ್‌ಒಎಸ್ ಎಂಬ ಆಯ್ಕೆ ಇರುತ್ತದೆ, ಅಂದರೆ ಓವರ್‌ಸ್ಯಾಂಪ್ಲಿಂಗ್ ಫಿಲ್ಟರ್ ಇಲ್ಲದೆ ನುಡಿಸುವುದು. ಸಿಡಿಯ 44.1 ಕಿಲೋಹರ್ಟ್ಸ್‌ನಲ್ಲಿ ಹಾಗೆ ನುಡಿಸಿದರೆ 20 ಕಿಲೋಹರ್ಟ್ಸ್ ಹೊತ್ತಿಗೆ ದನಿ 3 ಡಿಬಿಗೂ ಹೆಚ್ಚು ಇಳಿಯುತ್ತದೆ. ಮೇಲಿನ ಸ್ವರ ಸವೆದಾಗ ಚೆಂಡೆಯ ಪೆಟ್ಟಿನ ಚುರುಕು ತಗ್ಗುತ್ತದೆ, ಒಟ್ಟು ದನಿ ಮೆದುವೆನಿಸುತ್ತದೆ. ಆ ಮೆದುತನ ನಿಮಗೆ ಹಿಡಿಸಿದ್ದರೆ ತಪ್ಪೇನಿಲ್ಲ. ಆದರೆ ಪ್ಲೇಯರ್‌ನ ಈಕ್ವಲೈಜರ್‌ನಲ್ಲಿ ಅದನ್ನೇ ಪುಕ್ಕಟೆ ಪಡೆಯಬಹುದು.

ಹಾಗಾದರೆ ಬೆಲೆ ಅಷ್ಟೇಕೆ? 16 ಬಿಟ್ ಎಂದರೆ 65,536 ಮೆಟ್ಟಿಲು. ಮೇಲಿನ ಬಿಟ್‌ನ ರೆಸಿಸ್ಟರ್ ಆ ಮಟ್ಟಕ್ಕೆ ತಾಳೆಯಾಗಬೇಕು. ಶೇ 0.01 ನಿಖರತೆಯ ರೆಸಿಸ್ಟರ್ ಕೂಡ ಹತ್ತು ಸಾವಿರದಲ್ಲಿ ಒಂದು ಪಾಲು ತಪ್ಪಬಹುದು. ಹಾಗಾಗಿ ಒಂದೊಂದನ್ನೂ ಅಳೆದು ಆರಿಸಬೇಕು, ಅಥವಾ ತಪ್ಪನ್ನು ತಿದ್ದುವ ಸರ್ಕ್ಯೂಟ್ ಇಡಬೇಕು. ಬೆಲೆಯ ದೊಡ್ಡ ಪಾಲು ಈ ದುಡಿಮೆಯದು. ಈಗಿನ ಹೆಚ್ಚಿನ ಡ್ಯಾಕ್‌ಗಳಲ್ಲಿರುವ ಡೆಲ್ಟಾ-ಸಿಗ್ಮಾ ಚಿಪ್ ಬೇರೆ ದಾರಿಯಲ್ಲಿ, ಕಡಿಮೆ ಖರ್ಚಿನಲ್ಲಿ, ಅದಕ್ಕಿಂತ ನಿಖರವಾಗಿ ಆ ಕೆಲಸ ಮುಗಿಸುತ್ತದೆ. ನಿಮ್ಮ ಬೆಲೆಯ ಒಳ್ಳೆಯ ಡ್ಯಾಕ್‌ಗಳೇ ಹಾಡಿಗೂ ಹಿನ್ನೆಲೆ ಸದ್ದಿಗೂ ನಡುವಿನ ಅಂತರದಲ್ಲಿ 110 ಡಿಬಿ ದಾಟುತ್ತವೆ. ಸಿಡಿಗೆ ಬೇಕಾದ್ದು 96ರಷ್ಟು. ಡಾಲ್ಬಿ (ಟೇಪಿನ ಸದ್ದು ತಗ್ಗಿಸುವ ವ್ಯವಸ್ಥೆ) ಇಲ್ಲದ ಕ್ಯಾಸೆಟ್‌ನಿಂದ ಇಳಿಸಿಕೊಂಡ ಹಳೆಯ ತಾಳಮದ್ದಳೆಗಳಲ್ಲಂತೂ ಟೇಪಿನ ‘ಹಿಸ್’ ಸದ್ದು ಗರಿಷ್ಠ ದನಿಗಿಂತ ಬರೀ 50–55 ಡಿಬಿ ಕೆಳಗೆ ಕೂತಿರುತ್ತದೆ. ಅದರಡಿಯಲ್ಲಿ ಹುದುಗಿದ್ದನ್ನು ಯಾವ ಡ್ಯಾಕೂ ಎತ್ತಿ ಕೊಡಲಾರದು.

ನಿಮ್ಮ ಆಂಪ್ಲಿಫೈಯರ್‌ಗೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಬ್ಯಾಲೆನ್ಸ್ಡ್) ಇನ್‌ಪುಟ್ ಇದ್ದು, ರಿಮೋಟ್ ವಾಲ್ಯೂಮ್, ಶಕ್ತಿಯುತ ಹೆಡ್‌ಫೋನ್ ಔಟ್ ಎಲ್ಲವೂ ಬೇಕಿದ್ದರೆ ದೊಡ್ಡ ಡ್ಯಾಕ್‌ಗೆ ಅರ್ಥವಿದೆ. ಬರೀ ಆರ್‌ಸಿಎಗಾದರೆ ನಮ್ಮ ಮಾತು: ಬೇಡ. ಆ ದುಡ್ಡನ್ನು ಸ್ಪೀಕರ್‌ಗೆ ಹಾಕಿ. ಅಲ್ಲಿನ ವ್ಯತ್ಯಾಸಕ್ಕೆ ನಾಣ್ಯ ಚಿಮ್ಮಬೇಕಿಲ್ಲ.

ಪ್ರಶ್ನೆ: ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಎನ್ನುತ್ತದೆ. ಹೆಚ್ಚು ಬೆಲೆಯ ಡ್ಯಾಕ್ ತಂದರೆ ಹೋಗುತ್ತದೆಯೇ?
— ಓದುಗರು, ಮಣಿಪಾಲ

ಉತ್ತರ: ಹೋಗುವ ಭರವಸೆಯಿಲ್ಲ. ಇದು ಗ್ರೌಂಡ್ ಲೂಪ್. ಚಾರ್ಜರ್‌ನ ಕೊಳೆ ಯುಎಸ್‌ಬಿ ತಂತಿಯ ಗ್ರೌಂಡ್ ಹಿಡಿದು ಆಂಪ್ಲಿಫೈಯರ್‌ವರೆಗೆ ಬರುತ್ತದೆ. ಹಾಡು ಬರುವ ಸಾಧನಕ್ಕೆ ಆಪ್ಟಿಕಲ್ ಔಟ್ ಇದ್ದರೆ ಅದರಿಂದ ಜೋಡಿಸಿ. ಬೆಳಕಿನ ದಾರಿಯಲ್ಲಿ ಕರೆಂಟು ಹರಿಯುವುದಿಲ್ಲ. 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಅಡ್ಡಿಯಿಲ್ಲ. ಆಪ್ಟಿಕಲ್ ಇಲ್ಲದಿದ್ದರೆ ಯುಎಸ್‌ಬಿ ಐಸೊಲೇಟರ್ (ಎರಡು ಕಡೆಯ ಗ್ರೌಂಡ್ ಬೇರೆ ಮಾಡುವ ಸಾಧನ) ಹಾಕಿ, ಆದರೆ 480 ಮೆಗಾಬಿಟ್‌ನದೇ ಕೇಳಿ. 12 ಮೆಗಾಬಿಟ್‌ನ ಅಗ್ಗದ್ದನ್ನು ಹಾಕಿದರೆ ಹೈ-ರೆಸ್ ಡ್ಯಾಕ್‌ಗಳು ಎಷ್ಟೋ ಸಲ ಗುರುತೇ ಸಿಗದೆ ನಿಲ್ಲುತ್ತವೆ.

ಗುಂಯ್ ನಿಲ್ಲಲೆಂದು ಪ್ಲಗ್‌ನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಳಗೆ ಇನ್ಸುಲೇಶನ್ ಕೆಟ್ಟರೆ ಲೋಹದ ಪೆಟ್ಟಿಗೆಯೇ ಶಾಕ್ ಹೊಡೆಯುತ್ತದೆ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್–ಮೇ ತಿಂಗಳಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಒಮ್ಮೆ ಅಳತೆ ಮಾಡಿಸಿ.

ಪ್ರಶ್ನೆ: ಜಪಾನಿನಿಂದ ಹಳೆಯ ಡ್ಯಾಕ್ ತರಿಸಿದ್ದೇನೆ. ಹಿಂದೆ ‘100 ವಿ, 30 ಡಬ್ಲ್ಯು’ ಎಂದಿದೆ. ಆರ್‌ಸಿಎ ಜಾಕ್‌ಗಳು ಹಸಿರುಗಟ್ಟಿವೆ.
— ಓದುಗರು, ಮಲ್ಪೆ

ಉತ್ತರ: ನೇರ 230 ವೋಲ್ಟ್‌ಗೆ ಸಿಕ್ಕಿಸಲೇಬೇಡಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 110 ವೋಲ್ಟ್‌ನದು, ಅದು ಶೇ 10ರಷ್ಟು ಹೆಚ್ಚಾಯಿತು. 100 ವೋಲ್ಟ್‌ನ ಐಸೊಲೇಶನ್ ಮಾದರಿಯೇ (ಒಳಬರುವ, ಹೊರಹೋಗುವ ಸುರುಳಿಗಳು ಬೇರೆ ಬೇರೆ ಇರುವಂಥದ್ದು) ಬೇಕೆಂದು ಹೇಳಿ ಸುತ್ತಿಸಿ. ಸಾಮರ್ಥ್ಯ 100 ವಿಎ (ವೋಲ್ಟ್-ಆಂಪಿಯರ್) ಇದ್ದರೆ ಧಾರಾಳ.

ಹಸಿರು ಬಂದದ್ದು ತೇವ, ಉಪ್ಪುಗಾಳಿಯಿಂದ. ಪ್ಲಗ್ ಕಿತ್ತು, ಹತ್ತಿಗೆ 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಜಾಕ್‌ನ ಹೊರಬಳೆ, ಒಳತೂತು ಎರಡನ್ನೂ ಒರೆಸಿ. ಒಣಗಿದ ಮೇಲೆ ಕೇಬಲನ್ನು ಐದಾರು ಸಲ ತಿರುವುತ್ತಾ ಹಾಕಿ ತೆಗೆಯಿರಿ. ಎಣ್ಣೆಯ ಸ್ಪ್ರೇ ಬೇಡ, ಅದಕ್ಕೆ ದೂಳು ಅಂಟುತ್ತದೆ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಕೆಲವು ತಾಸು ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ.